ಓದುಗರ ಪ್ರಶ್ನೆ, ನಮ್ಮ ಉತ್ತರ: ಮತಗಟ್ಟೆ ಕರ್ತವ್ಯಕ್ಕೆ ಹೊರಟವರಿಗೆ

ಚುನಾವಣಾ ಕರ್ತವ್ಯದ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು, ಅವರಲ್ಲೂ ಹೆಚ್ಚಾಗಿ ಶಿಕ್ಷಕರು, ಬರೆದು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಉತ್ತರಿಸಿದವರು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿಯೂ ಬಳಿಕ ಚುನಾವಣಾ ಸಿಬ್ಬಂದಿಯ ತರಬೇತುದಾರರಾಗಿಯೂ ದುಡಿದು ನಿವೃತ್ತರಾದ ದಾವಣಗೆರೆಯ ಮುಖ್ಯಶಿಕ್ಷಕರು. ಕೇಳಿದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲೆಯ ಸಹಶಿಕ್ಷಕಿ. ಸೇವೆಗೆ ಸೇರಿ ಹೆಚ್ಚು ಕಾಲವಾಗಿಲ್ಲ. ಹಿಂದೆ ಒಮ್ಮೆಯೂ ಮತಗಟ್ಟೆಯಲ್ಲಿ ಕೆಲಸ ಮಾಡಿದವಳಲ್ಲ. ಈ ಬಾರಿ ನೇರವಾಗಿ ಪಿ.ಆರ್.ಓ., ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಎಂದೇ ಆದೇಶ ಬಂದಿದೆ. ಸಿಬ್ಬಂದಿ ಕೊಠಡಿಯಲ್ಲಿ ಹಿರಿಯರು, ಒಂದು ಸಹಿ ತಪ್ಪಿದರೂ ಅಮಾನತು ಖಚಿತ ಎನ್ನುತ್ತಿದ್ದಾರೆ. ನಾನು ಮುಖ್ಯವಾಗಿ ಯಾವುದರ ಕಡೆ ಗಮನ ಕೊಡಬೇಕು? (ಜಗಳೂರು ತಾಲ್ಲೂಕು)

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೆದರಬೇಕಾದದ್ದನ್ನು ಬಿಟ್ಟು ಇನ್ನಾವುದಕ್ಕೋ ನಿಮ್ಮನ್ನು ಹೆದರಿಸುತ್ತಿದ್ದಾರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 26ನೇ ಪ್ರಕರಣದಡಿ ಜಿಲ್ಲಾ ಚುನಾವಣಾಧಿಕಾರಿಯವರು ನಿಮ್ಮನ್ನು ನೇಮಿಸಿರುತ್ತಾರೆ. ಅದೇ ಕಾಯ್ದೆಯ 28ಎ ಪ್ರಕರಣದಂತೆ ಫಲಿತಾಂಶ ಘೋಷಣೆಯಾಗುವವರೆಗೆ ನೀವು ಚುನಾವಣಾ ಆಯೋಗದ ನಿಯೋಜನೆಯಲ್ಲಿದ್ದೀರಿ. ಕರ್ತವ್ಯಲೋಪಕ್ಕೆ ದಂಡ ವಿಧಿಸುವ 134ನೇ ಪ್ರಕರಣವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಪ್ರಕರಣದಲ್ಲಿಯೇ ‘ಸಕಾರಣವಿಲ್ಲದೆ’ ಎಂಬ ಷರತ್ತು ಇರುವುದನ್ನು ಯಾರೂ ಹೇಳುವುದಿಲ್ಲ. ದಂಡದ ಮಿತಿ 500 ರೂಪಾಯಿ, ಅದಕ್ಕಿಂತ ಇಲಾಖಾ ವಿಚಾರಣೆಯ ತಾಪತ್ರಯವೇ ದೊಡ್ಡದು ಎಂಬುದು ನಿಜ. ಆದರೆ ನಡೆದದ್ದು ಏನು, ಏಕೆ ಹಾಗೆ ಮಾಡಬೇಕಾಯಿತು ಎಂಬುದನ್ನು ಆಗಿಂದಾಗಲೇ ದಿನಚರಿಯಲ್ಲಿ ಬರೆದಿಟ್ಟ ಅಧ್ಯಕ್ಷಾಧಿಕಾರಿಯ ಬಳಿ ತೋರಿಸಲು ಒಂದು ಕಾರಣವಾದರೂ ಇರುತ್ತದೆ. ಸಂಜೆ ನೆನಪಿನಿಂದ ತುಂಬಿಸಿದ ದಿನಚರಿಗೆ ಆ ಬೆಲೆ ಇಲ್ಲ.

ತರಬೇತಿ ಕೊಡುತ್ತಿದ್ದಾಗ ನಾನು ಗಮನಿಸಿದ್ದೆಂದರೆ, ಮತಗಟ್ಟೆಯ ತಪ್ಪುಗಳ ಹಿಂದೆ ದುರುದ್ದೇಶ ಇರುವುದು ತೀರ ಅಪರೂಪ. ಅವಸರ ಮತ್ತು ಉಪಕಾರ ಮಾಡುವ ಮನಸ್ಸು, ಈ ಎರಡೇ ನಮ್ಮ ಶಿಕ್ಷಕರನ್ನು ಸಿಕ್ಕಿಸಿ ಹಾಕುತ್ತವೆ. ಅವಸರದ ತಪ್ಪುಗಳಲ್ಲಿ ಮೊದಲನೆಯದು ಅಣಕು ಮತದಾನದ್ದು, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲೇ ಹಾಕಿಸುವ ತೋರಿಕೆಯ ಮತಗಳದ್ದು. ಮತದಾನ ಬೆಳಿಗ್ಗೆ 7ಕ್ಕೆ ಆರಂಭವಾಗುವುದಾದರೆ 90 ನಿಮಿಷ ಮೊದಲು, ಅಂದರೆ 5.30ಕ್ಕೆ, ಅಣಕು ಮತದಾನ ಶುರುವಾಗಬೇಕು. ಅಭ್ಯರ್ಥಿಗಳ ಏಜೆಂಟರು ಬಾರದಿದ್ದರೆ 15 ನಿಮಿಷ ಕಾದು ಮುಂದುವರಿಯಬಹುದು. ಅವರನ್ನು ಮನೆಗೆ ಹೋಗಿ ಎಬ್ಬಿಸಿ ಕರೆತರುವ ಹೊಣೆ ನಿಮ್ಮದಲ್ಲ. ನೋಟಾ ಸೇರಿದಂತೆ ಪ್ರತಿಯೊಂದು ಗುಂಡಿಗೂ ಮತ ಬೀಳುವಂತೆ ಕನಿಷ್ಠ 50 ಮತಗಳನ್ನು ಹಾಕಿಸಿ, ಮತಗಳನ್ನು ದಾಖಲಿಸುವ ಕಂಟ್ರೋಲ್ ಯೂನಿಟ್ಟಿನಲ್ಲಿ ಬಂದ ಲೆಕ್ಕವನ್ನು, ಬಿದ್ದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳೊಂದಿಗೆ ತಾಳೆ ನೋಡಬೇಕು. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ. ತಪ್ಪುವುದು ಇದರ ನಂತರ. ಹೊರಗೆ ಸಾಲು ಬೆಳೆದಿರುತ್ತದೆ, ಮೊದಲ ಮತ ತನ್ನದೇ ಆಗಬೇಕೆಂದು ನಸುಕಿನಲ್ಲೇ ಬಂದು ನಿಂತ ಅಜ್ಜ ಬಾಗಿಲಲ್ಲಿ ಇಣುಕುತ್ತಿರುತ್ತಾನೆ, ಏಜೆಂಟರು ‘ಟೈಮಾಯ್ತು ಮೇಡಂ’ ಎನ್ನುತ್ತಿರುತ್ತಾರೆ. ಆಗ ‘ಕ್ಲಿಯರ್’ ಗುಂಡಿ ಒತ್ತುವುದು ಮರೆತುಹೋಗುತ್ತದೆ, ಇಲ್ಲವೇ ವಿವಿಪ್ಯಾಟ್ ಪೆಟ್ಟಿಗೆಯೊಳಗೆ ಅಣಕು ಚೀಟಿಗಳು ಹಾಗೆಯೇ ಉಳಿದುಬಿಡುತ್ತವೆ. ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರು ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿ, ‘ಟೋಟಲ್’ ಒತ್ತಿದಾಗ ಸೊನ್ನೆ ಬರುವುದನ್ನು ಏಜೆಂಟರಿಗೆ ತೋರಿಸಿ, ಚೀಟಿಗಳನ್ನು ಹೊರತೆಗೆದು ಹಿಂಬದಿಗೆ ಅಣಕು ಮತದಾನದ ಮೊಹರು ಹಾಕಿ ಕಪ್ಪು ಲಕೋಟೆಯಲ್ಲಿಟ್ಟು ಮುಚ್ಚಿ, ಖಾಲಿಯಾದ ಪೆಟ್ಟಿಗೆಯನ್ನೂ ಅವರಿಗೆ ತೋರಿಸಿದ ಮೇಲೆಯೇ ಸೀಲು ಮಾಡುವ ಕೆಲಸಕ್ಕೆ ಕೈ ಹಾಕಿರಿ. ಈ ಮಾತನ್ನು ನಿಮ್ಮ ಸಹಾಯಕ ಅಧ್ಯಕ್ಷಾಧಿಕಾರಿ (ಎ.ಪಿ.ಆರ್.ಓ.) ಅವರಿಗೆ ಹಿಂದಿನ ರಾತ್ರಿಯೇ ಹೇಳಿ, ನೀವು ಗುಂಡಿ ಒತ್ತುವಾಗ ಅವರು ಗಟ್ಟಿಯಾಗಿ ಓದಿ ಹೇಳುವಂತೆ ಏರ್ಪಾಡು ಮಾಡಿಕೊಳ್ಳಿ. ಅಣಕು ಮತಗಳು ಅಳಿಯದೆ ಉಳಿದಿವೆ ಎಂದು ನಡುವೆ ಗೊತ್ತಾದರೆ ಮುಚ್ಚಿಡದೆ, ಹಲವು ಮತಗಟ್ಟೆಗಳ ಉಸ್ತುವಾರಿ ಹೊತ್ತ ಸೆಕ್ಟರ್ ಅಧಿಕಾರಿಗೆ ತಕ್ಷಣ ತಿಳಿಸಬೇಕು. ಗೊತ್ತಾದ ತಪ್ಪನ್ನು ಮುಚ್ಚಿಡುವುದು ಮೊದಲ ತಪ್ಪಿಗಿಂತ ಕೆಟ್ಟದ್ದು.

ಹಿಂದಿನ ದಿನ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದಲ್ಲಿ ಇನ್ನೊಂದು ಅವಸರ ಕಾದಿರುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹೋಗುತ್ತದೆಂದು ಸಾಮಗ್ರಿಯನ್ನು ಎಣಿಸದೆ ಚೀಲ ಹೊತ್ತು ಓಡುವವರನ್ನು ಪ್ರತಿ ಚುನಾವಣೆಯಲ್ಲೂ ನೋಡಿದ್ದೇನೆ. ಶಾಮಿಯಾನದ ಕೆಳಗೇ ಕುಳಿತು ಕಂಟ್ರೋಲ್ ಯೂನಿಟ್, ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್, ಈ ಮೂರೂ ಯಂತ್ರಗಳ ಸಂಖ್ಯೆಯನ್ನು ಆದೇಶದ ಸಂಖ್ಯೆಯೊಂದಿಗೆ ಹೋಲಿಸಿರಿ. ಮತದಾರರ ಪಟ್ಟಿಯ ಗುರುತು ಪ್ರತಿ ನಿಮ್ಮ ಮತಗಟ್ಟೆಯದೇ ಹೌದೇ, ಅದರಲ್ಲಿ ಪುರವಣಿ ಪಟ್ಟಿ ಸೇರಿದೆಯೇ ನೋಡಿರಿ. ಜಗಳೂರಿನ ಅಂಚಿನ ಹಳ್ಳಿಗೆ ಹೋದ ಮೇಲೆ ಹಸಿರು ಕಾಗದದ ಸೀಲು ಇಲ್ಲವೆಂದು ಗೊತ್ತಾದರೆ ರಾತ್ರಿ ಹತ್ತು ಗಂಟೆಗೆ ಅದನ್ನು ತಂದುಕೊಡುವವರು ಸಿಗುವುದು ಕಷ್ಟ.

ಯಂತ್ರವನ್ನು ಜೋಡಿಸುವಾಗ ಬ್ಯಾಲೆಟ್ ಯೂನಿಟ್ಟಿನ ಕೇಬಲ್ ವಿವಿಪ್ಯಾಟಿಗೆ, ವಿವಿಪ್ಯಾಟಿನ ಕೇಬಲ್ ಕಂಟ್ರೋಲ್ ಯೂನಿಟ್ಟಿಗೆ. ಕಂಟ್ರೋಲ್ ಯೂನಿಟ್ ಆಫ್ ಇರುವಾಗಲೇ ಜೋಡಿಸಬೇಕು. ವಿವಿಪ್ಯಾಟಿನ ಹಿಂಬದಿಯ ತಿರುಗಣಿ ಸಾಗಿಸುವಾಗ ಅಡ್ಡಲಾಗಿಯೂ ಕೆಲಸ ಮಾಡುವಾಗ ನೆಟ್ಟಗೂ ಇರಬೇಕು. ನಮ್ಮ ಕಡೆಯ ಶಾಲೆಗಳಲ್ಲಿ ಕಿಟಕಿಗಳು ದೊಡ್ಡವು, ಏಪ್ರಿಲ್ ಮೇ ತಿಂಗಳ ಬಿಸಿಲು ನೇರವಾಗಿ ಒಳಗೆ ಬೀಳುತ್ತದೆ. ವಿವಿಪ್ಯಾಟ್ ಮೇಲೆ ಪ್ರಖರವಾದ ಬೆಳಕು ಬಿದ್ದರೆ ಅದು ದೋಷ ತೋರಿಸಿ ನಿಲ್ಲಬಹುದಾದ್ದರಿಂದ ಮತದಾನದ ಮರೆಯನ್ನು ಕಿಟಕಿಯಿಂದ, ಬಲ್ಬಿನಿಂದ ದೂರದ ಮೂಲೆಯಲ್ಲಿ ಇಡಿ. ನಡುವೆ ವಿವಿಪ್ಯಾಟ್ ಒಂದೇ ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಸಾಕು. ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಮಾತ್ರ ಮೂರನ್ನೂ ಬದಲಿಸಿ, ಪ್ರತಿ ಅಭ್ಯರ್ಥಿಗೂ ನೋಟಾಕ್ಕೂ ಒಂದೊಂದು ಮತದಂತೆ ಮತ್ತೆ ಅಣಕು ಮತದಾನ ಮಾಡಿ ಮುಂದುವರಿಯಬೇಕು.

ಪ್ರಶ್ನೆ: ನನ್ನ ಮತ ಹೊಳಲ್ಕೆರೆಯಲ್ಲಿದೆ, ಕೆಲಸ ಚನ್ನಗಿರಿಯಲ್ಲಿ. ಚುನಾವಣೆಯ ಕೆಲಸ ಮಾಡುವವರೇ ಮತ ಹಾಕಲಾಗದೆ ಉಳಿಯುತ್ತಾರೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? (ಚನ್ನಗಿರಿ)

ಉತ್ತರ: ಅರ್ಜಿ ಕೊಡದಿದ್ದರೆ ನಿಜ. ಕರ್ತವ್ಯದಲ್ಲಿರುವವರಿಗೆ ಎರಡು ದಾರಿಗಳಿವೆ. ನೀವು ಕೆಲಸ ಮಾಡುವ ಮತಗಟ್ಟೆ ನಿಮ್ಮ ಮತವಿರುವ ಕ್ಷೇತ್ರದೊಳಗೇ ಇದ್ದರೆ ನಮೂನೆ 12ಎಯಲ್ಲಿ ಅರ್ಜಿ ಸಲ್ಲಿಸಿ, ನಮೂನೆ 12ಬಿಯಲ್ಲಿ ಬರುವ ಚುನಾವಣಾ ಕರ್ತವ್ಯ ಪ್ರಮಾಣಪತ್ರವನ್ನು, ಅಂದರೆ ನಾವೆಲ್ಲ ಇ.ಡಿ.ಸಿ. ಎನ್ನುವ ಕಾಗದವನ್ನು ಪಡೆದು, ಕೆಲಸ ಮಾಡುವ ಮತಗಟ್ಟೆಯಲ್ಲಿಯೇ ಯಂತ್ರದಲ್ಲಿ ಮತ ಹಾಕಬಹುದು. ಕ್ಷೇತ್ರ ಬೇರೆಯಾದರೆ ನಮೂನೆ 12ರಲ್ಲಿ ಅಂಚೆ ಮತಪತ್ರಕ್ಕೆ ಅರ್ಜಿ ಹಾಕಬೇಕು. 2023ರಲ್ಲಿ ನಿಯಮಕ್ಕೆ ತಿದ್ದುಪಡಿಯಾದ ಮೇಲೆ ಆ ಮತಪತ್ರವನ್ನು ಮನೆಗೆ ಒಯ್ದು ನಿಧಾನವಾಗಿ ಅಂಚೆಗೆ ಹಾಕುವಂತಿಲ್ಲ. ಇದಕ್ಕೆಂದೇ ತೆರೆಯುವ ಸೌಲಭ್ಯ ಕೇಂದ್ರದಲ್ಲಿಯೇ ಮತ ಗುರುತಿಸಿ ಪೆಟ್ಟಿಗೆಗೆ ಹಾಕಬೇಕು.

ಇಲ್ಲಿ ಕ್ಷೇತ್ರವೆಂದರೆ ಯಾವುದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಲೋಕಸಭೆ ಚುನಾವಣೆಯಲ್ಲಿ ಲೋಕಸಭಾ ಕ್ಷೇತ್ರವನ್ನು, ವಿಧಾನಸಭೆ ಚುನಾವಣೆಯಲ್ಲಿ ವಿಧಾನಸಭಾ ಕ್ಷೇತ್ರವನ್ನು ನೋಡಬೇಕು. ಜಗಳೂರಿನ ಮತದಾರರೊಬ್ಬರನ್ನು ಹೊನ್ನಾಳಿಗೆ ಹಾಕಿದರೆಂದುಕೊಳ್ಳಿ. ಎರಡೂ ದಾವಣಗೆರೆ ಲೋಕಸಭಾ ಕ್ಷೇತ್ರದೊಳಗಿರುವುದರಿಂದ ಲೋಕಸಭೆಗೆ ಅವರಿಗೆ ಇ.ಡಿ.ಸಿ. ಸಾಕು, ವಿಧಾನಸಭೆಗೆ ಅಂಚೆ ಮತಪತ್ರವೇ ಬೇಕು. ಜಿಲ್ಲೆಯ ಗಡಿಯನ್ನು ನಂಬಿ ಕೂರಬೇಡಿ. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಈಗ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿಯೂ, ಚಿತ್ರದುರ್ಗ ಕ್ಷೇತ್ರದಲ್ಲಿ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡವೂ ಇವೆ.

ನಿಮ್ಮ ಹೊಳಲ್ಕೆರೆ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಚನ್ನಗಿರಿ ದಾವಣಗೆರೆಯದು. 2024ರಲ್ಲಿ ಚಿತ್ರದುರ್ಗಕ್ಕೆ ಏಪ್ರಿಲ್ 26ರಂದೂ ದಾವಣಗೆರೆಗೆ ಮೇ 7ರಂದೂ ಮತದಾನ ನಡೆದದ್ದರಿಂದ ನಿಮ್ಮಂಥವರು ಊರಿಗೆ ಹೋಗಿ ಮತ ಹಾಕಿ ಬಂದು ಆಮೇಲೆ ಕರ್ತವ್ಯಕ್ಕೆ ಹೋಗಬಹುದಿತ್ತು. 2023ರ ಮೇ 10ರ ವಿಧಾನಸಭೆ ಚುನಾವಣೆಯಂತೆ ಒಂದೇ ದಿನ ಎಲ್ಲ ಕಡೆ ಮತದಾನವಾದರೆ ಆ ಅನುಕೂಲವಿಲ್ಲ. ಅರ್ಜಿಯನ್ನು ಮೊದಲ ತರಬೇತಿಯ ದಿನವೇ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯೊಂದಿಗೆ ಕೊಟ್ಟುಬಿಡಿ. ಎರಡನೆಯ ತರಬೇತಿಗೆ ಕೊಟ್ಟರಾಯಿತು ಎಂದವರೇ ಆಮೇಲೆ ಮತ ಹೋಯಿತೆಂದು ಗೊಣಗುವವರು.

ಪ್ರಶ್ನೆ: ನಮ್ಮದೇ ತಾಲ್ಲೂಕಿನ ಮತಗಟ್ಟೆ ಕೊಡಿ ಎಂದು ಕೇಳಬಹುದೇ? (ಹರಿಹರ)

ಉತ್ತರ: ಕೇಳಬಹುದು, ಸಿಗುವುದಿಲ್ಲ. ವಾಸವಿರುವ ಮತ್ತು ಕೆಲಸ ಮಾಡುವ ವಿಧಾನಸಭಾ ಕ್ಷೇತ್ರವನ್ನು ಬಿಟ್ಟು ಬೇರೆಡೆಗೆ ಹಾಕುವುದೇ ಪದ್ಧತಿ. ಸಿಬ್ಬಂದಿಯ ಆಯ್ಕೆ, ತಂಡ ರಚನೆ, ಮತಗಟ್ಟೆ ಹಂಚಿಕೆ ಮೂರೂ ಹಂತ ಹಂತವಾಗಿ ಕಂಪ್ಯೂಟರಿನ ಯಾದೃಚ್ಛಿಕ ಆಯ್ಕೆಯಿಂದ ಆಗುವುದರಿಂದ, ಯಾವ ಊರು ಎಂಬುದು ಹೊರಡುವ ಹೊತ್ತಿಗಷ್ಟೇ ತಿಳಿಯುತ್ತದೆ. ಅನಾರೋಗ್ಯವಿದ್ದರೆ ವೈದ್ಯಕೀಯ ದಾಖಲೆಯೊಂದಿಗೆ ವಿನಾಯಿತಿಗೆ ಅರ್ಜಿ ಕೊಡಿ, ಅದು ಬೇರೆ ವಿಷಯ.

ಪ್ರಶ್ನೆ: ಕಳೆದ ಚುನಾವಣೆಯಲ್ಲಿ ನಾನು ಎರಡನೆಯ ಪೋಲಿಂಗ್ ಅಧಿಕಾರಿಯಾಗಿದ್ದೆ. ವಯಸ್ಸಾದ ತಾಯಂದಿರು ‘ನೀವೇ ಒತ್ತಿಬಿಡಪ್ಪ’ ಎನ್ನುತ್ತಾರೆ. ಊರಿನ ಒಬ್ಬರೇ ವ್ಯಕ್ತಿ ಒಬ್ಬರಾದ ಮೇಲೊಬ್ಬರನ್ನು ಕೈ ಹಿಡಿದು ಕರೆತಂದು ತಾವೇ ಮತ ಹಾಕಿಸುತ್ತೇನೆ ಎಂದರು. ಬೇಡವೆಂದರೆ ಮುದುಕರಿಗೆ ಮರ್ಯಾದೆ ಕೊಡುವುದಿಲ್ಲವೆಂದು ಗಲಾಟೆ. ನಿಯಮ ಏನು ಹೇಳುತ್ತದೆ? (ಹೊಸದುರ್ಗ)

ಉತ್ತರ: ಉಪಕಾರ ಮಾಡುವ ಮನಸ್ಸು ಸಿಕ್ಕಿಸಿ ಹಾಕುತ್ತದೆ ಎಂದು ಮೇಲೆ ಬರೆದದ್ದು ಇಂಥ ಸಂದರ್ಭಕ್ಕೇ. 1961ರ ಚುನಾವಣೆ ನಡೆಸುವ ನಿಯಮಗಳ 49ಎನ್ ನಿಯಮದ ಪ್ರಕಾರ, ಕಣ್ಣು ಕಾಣದ ಅಥವಾ ದೈಹಿಕ ದೌರ್ಬಲ್ಯದಿಂದ ಚಿಹ್ನೆ ಗುರುತಿಸಲಾಗದ, ಗುಂಡಿ ಒತ್ತಲಾಗದ ಮತದಾರರು 18 ವರ್ಷ ತುಂಬಿದ ಒಬ್ಬ ಸಂಗಾತಿಯನ್ನು ಮರೆಯೊಳಗೆ ಕರೆದೊಯ್ಯಬಹುದು. ಸಂಗಾತಿಯಾಗಿ ಬರುವವರು ಆ ದಿನ ಬೇರೆ ಯಾರಿಗೂ ಸಂಗಾತಿಯಾಗಿಲ್ಲವೆಂದೂ, ಮತದ ಗುಟ್ಟನ್ನು ಕಾಯುತ್ತೇನೆಂದೂ ಘೋಷಣೆಗೆ ಸಹಿ ಹಾಕಬೇಕು. ಇಂಥ ಮತದಾರರ ವಿವರವನ್ನು ಅಧ್ಯಕ್ಷಾಧಿಕಾರಿಯವರು ನಮೂನೆ 14ಎಯಲ್ಲಿ ಬರೆಯಬೇಕು. ಒಬ್ಬರನ್ನು ಒಂದು ಸಲ ಕರೆತಂದವರು ಎರಡನೆಯವರ ಕೈ ಹಿಡಿದು ಬಂದಾಗ ನೀವು ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಅವರೇ ಸಹಿ ಹಾಕಿದ ಘೋಷಣೆಯನ್ನು ಮುಂದಿಟ್ಟು ಎಲ್ಲ ಪಕ್ಷದ ಏಜೆಂಟರ ಎದುರು ಓದಿ ಹೇಳಿದರೆ ಸಾಕು. ಒಂದು ಪಕ್ಷದ ಏಜೆಂಟ್ ಗಲಾಟೆ ಮಾಡಿದರೆ ಎದುರು ಪಕ್ಷದವರು ತಾವಾಗಿಯೇ ನಿಮ್ಮ ಬೆಂಬಲಕ್ಕೆ ಬರುತ್ತಾರೆ. ಇದು ಹಳ್ಳಿಯ ಮತಗಟ್ಟೆಯಲ್ಲಿ ನಮಗಿರುವ ದೊಡ್ಡ ಬಲ.

ಓದು ಬರಹ ಬಾರದ ಮಾತ್ರಕ್ಕೆ ಸಂಗಾತಿಯನ್ನು ಬಿಡುವಂತಿಲ್ಲ. ಯಂತ್ರದ ಮೇಲೆ ಚಿಹ್ನೆಯೂ ಅಭ್ಯರ್ಥಿಯ ಭಾವಚಿತ್ರವೂ ಇರುತ್ತವೆ. ಮತಗಟ್ಟೆಯ ಸಿಬ್ಬಂದಿಯಾದ ನೀವು ಯಾವ ಕಾರಣಕ್ಕೂ ಯಾರ ಸಂಗಾತಿಯೂ ಆಗಬಾರದು. ಅಜ್ಜಿಗೆ ಗುಂಡಿ ಒತ್ತುವ ಬಗೆ ತಿಳಿಯದಿದ್ದರೆ ಸಾಮಗ್ರಿಯೊಂದಿಗೆ ಬರುವ ರಟ್ಟಿನ ಮಾದರಿಯನ್ನು ಮರೆಯ ಹೊರಗೆ, ಏಜೆಂಟರು ನೋಡುವಂತೆ ಹಿಡಿದು ತೋರಿಸಬಹುದು. ಅಧ್ಯಕ್ಷಾಧಿಕಾರಿ ಒಬ್ಬರೇ ಮರೆಯೊಳಗೆ ಹೋದರೆ, ಅವರು ಏನು ಮಾಡಿದರೂ ಮಾಡದಿದ್ದರೂ, ದೂರು ತಪ್ಪಿದ್ದಲ್ಲ. ಮೊಳಕಾಲ್ಮುರು, ಚಳ್ಳಕೆರೆಯ ಕಡೆ ತೆಲುಗು ಮಾತ್ರ ಆಡುವ ವೃದ್ಧರೂ, ಚನ್ನಗಿರಿ, ಹೊನ್ನಾಳಿಯ ತಾಂಡಾಗಳಲ್ಲಿ ಲಂಬಾಣಿಯಲ್ಲೇ ಮಾತಾಡುವವರೂ ಇರುವುದರಿಂದ, ತಂಡದಲ್ಲಿ ಆ ಭಾಷೆ ಬಲ್ಲವರು ಇಲ್ಲದಿದ್ದರೆ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಸ್ಥಳೀಯ ಬಿ.ಎಲ್.ಓ. ಅವರಿಂದ ವಿಧಾನವನ್ನು ಹೊರಗಡೆಯೇ ಹೇಳಿಸಬಹುದು.

ಇಷ್ಟರ ಮೇಲೂ ಒಂದು ಮಾತು ಹೇಳಬೇಕು. 85 ವರ್ಷ ದಾಟಿದವರು ಮತ್ತು ಶೇ. 40ರಷ್ಟು ಅಂಗವೈಕಲ್ಯವುಳ್ಳವರು ನಮೂನೆ 12ಡಿಯಲ್ಲಿ ಅರ್ಜಿ ಸಲ್ಲಿಸಿದರೆ ಮತದಾನದ ದಿನಕ್ಕೆ ಮೊದಲೇ ಅಧಿಕಾರಿಗಳು ಮನೆಗೆ ಬಂದು ಮತ ಪಡೆಯುತ್ತಾರೆ. 2023ರಲ್ಲಿ ಈ ವಯಸ್ಸಿನ ಮಿತಿ 80 ಇತ್ತು, 2024ರ ಲೋಕಸಭೆ ಚುನಾವಣೆಗೆ ಮುನ್ನ 85 ಆಯಿತು. ಹೆಚ್ಚಿಸಿದ್ದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಮೇ ತಿಂಗಳ ಬಿಸಿಲಿನಲ್ಲಿ ಎಂಬತ್ತೊಂದರ ರೈತನೂ ಎಂಬತ್ತಾರರ ರೈತನೂ ನಿಂತುಕೊಳ್ಳುವ ಶಕ್ತಿಯಲ್ಲಿ ಅಂಥ ವ್ಯತ್ಯಾಸ ನಾನು ಕಂಡಿಲ್ಲ.

ಪ್ರಶ್ನೆ: ನಾನು ಮತದಾರ, ಸಿಬ್ಬಂದಿಯಲ್ಲ. ಮತ ಹಾಕಲು ಹೋದಾಗ ನನ್ನ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿಬಿಟ್ಟಿದ್ದರು. ‘ಆಗೋಯ್ತು, ಹೋಗಿ’ ಎಂದು ಕಳುಹಿಸಿದರು. ಇದು ಸರಿಯೇ? (ಹಿರಿಯೂರು)

ಉತ್ತರ: ಖಂಡಿತ ಸರಿಯಲ್ಲ. ನಿಮ್ಮ ಗುರುತಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನೀವು ತೃಪ್ತಿಕರವಾಗಿ ಉತ್ತರಿಸಿದರೆ 49ಪಿ ನಿಯಮದಂತೆ ನಿಮಗೆ ಟೆಂಡರ್ಡ್ ಮತಪತ್ರ ಕೊಡಬೇಕಿತ್ತು. ಅದು ಕಾಗದದ ಮತಪತ್ರ. ನಮೂನೆ 17ಬಿಯಲ್ಲಿ ನಿಮ್ಮ ಸಹಿ ಪಡೆದು, ಮರೆಯೊಳಗೆ ಬಾಣದ ಗುರುತಿನ ಮೊಹರಿನಿಂದ ನೀವು ಗುರುತು ಮಾಡಿದ ಮೇಲೆ ಅಧ್ಯಕ್ಷಾಧಿಕಾರಿಯವರು ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಅಂಥ ಮತವನ್ನು ಎಣಿಕೆಯ ದಿನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನಿಮಗೆ ಸಮಾಧಾನ ತರಲಾರದು. ಆದರೂ ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಮತ ಹಾಕಿದರೆಂಬುದಕ್ಕೆ ಆ ಕಾಗದ ದಾಖಲೆಯಾಗಿ ಉಳಿಯುತ್ತದೆ. ಮುಂದಿನ ಸಲ ಹೀಗಾದರೆ ಟೆಂಡರ್ಡ್ ಮತ ಬೇಕೆಂದು ಕೇಳಿ.

ಸಿಬ್ಬಂದಿಗೆ ಒಂದು ಮಾತು. ಇಂಥ ಪ್ರಸಂಗ ಬರುವುದು ಗುರುತು ಪರಿಶೀಲಿಸುವಾಗ ತೋರಿದ ಸಡಿಲಿಕೆಯಿಂದ. ಬಿ.ಎಲ್.ಓ. ಮನೆಗೆ ಕೊಟ್ಟ ಮತದಾರರ ಚೀಟಿಯೊಂದೇ ಗುರುತಿಗೆ ಸಾಲದು; ಮತದಾರರ ಗುರುತಿನ ಚೀಟಿ ಇರಬೇಕು, ಇಲ್ಲವೇ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಚಾಲನಾ ಪರವಾನಗಿ ಮುಂತಾಗಿ ಆಯೋಗ ಒಪ್ಪಿದ ದಾಖಲೆಗಳಲ್ಲಿ ಒಂದನ್ನು ತೋರಿಸಬೇಕು. ಊರು ಬಿಟ್ಟವರು, ತೀರಿಕೊಂಡವರ ಪಟ್ಟಿ ನಿಮ್ಮ ಮೇಜಿನ ಮೇಲೆಯೇ ಇರುತ್ತದೆ. ಅದರಲ್ಲಿರುವ ಹೆಸರು ಹೇಳಿಕೊಂಡು ಯಾರಾದರೂ ಬಂದರೆ ಮೈಯೆಲ್ಲ ಕಣ್ಣಾಗಿರಬೇಕು. ಏಜೆಂಟರು ಮತದಾರನ ಗುರುತನ್ನು ಆಕ್ಷೇಪಿಸಬೇಕೆಂದರೆ 2 ರೂಪಾಯಿ ಕಟ್ಟಬೇಕೆಂಬ ನಿಯಮ ಇಂದಿಗೂ ಇದೆ. ಮೊತ್ತ ನಗು ತರಿಸಬಹುದು. ಆದರೆ ರಶೀದಿ ಬರೆಯಬೇಕು ಎಂದ ಕೂಡಲೇ ಸುಮ್ಮನೆ ಎದ್ದ ಆಕ್ಷೇಪಗಳು ತಣ್ಣಗಾಗುವುದನ್ನು ನೋಡಿದ್ದೇನೆ.

ಪ್ರಶ್ನೆ: ‘ನಾನು ಒಂದು ಒತ್ತಿದೆ, ಚೀಟಿಯಲ್ಲಿ ಇನ್ನೊಂದು ಬಂತು’ ಎಂದು ಮತದಾರರು ಕೂಗಾಡಿದರೆ ಏನು ಮಾಡಬೇಕು? (ದಾವಣಗೆರೆ)

ಉತ್ತರ: ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಕಾಣುವುದು 7 ಸೆಕೆಂಡು. ಅವಸರದಲ್ಲಿ ನೋಡಿದವರಿಗೆ ಗೊಂದಲವಾಗುವುದು ಸಹಜ, ಬೇಕೆಂದೇ ಕೂಗುವವರೂ ಇರುತ್ತಾರೆ. ಯಾರು ಯಾವ ಬಗೆಯವರೆಂದು ತೀರ್ಮಾನಿಸುವ ಕೆಲಸ ನಿಮ್ಮದಲ್ಲ. 49ಎಂಎ ನಿಯಮದಂತೆ, ಸುಳ್ಳು ಹೇಳಿಕೆ ಕೊಟ್ಟರೆ ಶಿಕ್ಷೆಯಾಗಬಹುದೆಂದು ಶಾಂತವಾಗಿ ಎಚ್ಚರಿಸಿ, ಲಿಖಿತ ಘೋಷಣೆ ಪಡೆಯಿರಿ. ಆಮೇಲೆ ಮತದಾರರು ಸಹಿ ಮಾಡುವ 17ಎ ವಹಿಯಲ್ಲಿ ಅವರ ಹೆಸರನ್ನು ಎರಡನೆಯ ಸಲ ನಮೂದಿಸಿ, ನಿಮ್ಮ ಮತ್ತು ಏಜೆಂಟರ ಎದುರಿಗೆ ಒಂದು ಪರೀಕ್ಷಾ ಮತ ಹಾಕಿಸಿರಿ. ಆರೋಪ ನಿಜವಾದರೆ ಮತದಾನ ನಿಲ್ಲಿಸಿ ಕೂಡಲೇ ಚುನಾವಣಾಧಿಕಾರಿಗೆ ವರದಿ ಮಾಡಬೇಕು. ಸುಳ್ಳಾದರೆ ಪರೀಕ್ಷಾ ಮತ ಯಾವ ಅಭ್ಯರ್ಥಿಗೆ ಬಿತ್ತೆಂಬುದನ್ನು ವಹಿಯಲ್ಲಿ ಬರೆದು, ಮತದಾರರ ಸಹಿ ಪಡೆದು, ಸಂಜೆ 17ಸಿ ನಮೂನೆಯ ಮತ ಲೆಕ್ಕದಲ್ಲಿ ಕಳೆಯಬೇಕಾದ ಮತವೆಂದು ತೋರಿಸಿ ಮುಂದುವರಿಯಿರಿ. ಘೋಷಣೆಯ ಹಾಳೆಯನ್ನು ಕೈಗೆ ಕೊಟ್ಟಾಗ ‘ಬಿಡಿ ಸಾರ್, ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ’ ಎಂದವರೇ ಹೆಚ್ಚು. ಹಾಗೆಂದ ಮಾತ್ರಕ್ಕೆ ಹಾಳೆ ಕೊಡುವ ಮೊದಲೇ ಅವರನ್ನು ಗದರಿಸಿ ಕಳುಹಿಸುವುದು ತಪ್ಪು.

ಪ್ರಶ್ನೆ: ಹಿಂದಿನ ಬಾರಿ ರಾತ್ರಿ ತಂಗಿದ ಶಾಲೆಯಲ್ಲಿ ಶೌಚಾಲಯಕ್ಕೆ ಬೀಗ ಹಾಕಿತ್ತು, ನೀರಿರಲಿಲ್ಲ. ತಂಡದಲ್ಲಿದ್ದ ಇಬ್ಬರು ಮಹಿಳೆಯರು ಅನುಭವಿಸಿದ ಕಷ್ಟ ಹೇಳತೀರದು. ಇದಕ್ಕೆ ಹೊಣೆ ಯಾರು? (ಚಳ್ಳಕೆರೆ)

ಉತ್ತರ: ಪ್ರತಿ ಮತಗಟ್ಟೆಗೂ ಕುಡಿಯುವ ನೀರು, ಶೌಚಾಲಯ, ಇಳಿಜಾರು ದಾರಿ, ಬೆಳಕು, ಪೀಠೋಪಕರಣ ಇರಲೇಬೇಕೆಂದು ಆಯೋಗದ ಸೂಚನೆಯಿದೆ. ಕಾಗದದಲ್ಲಿ ಎಲ್ಲವೂ ಇರುತ್ತವೆ. ನನ್ನ ತಕರಾರೇನೆಂದರೆ, ಈ ಪಟ್ಟಿಯನ್ನು ನೋಡಿದರೆ ಅರ್ಧ ಗಂಟೆ ಇದ್ದು ಹೋಗುವ ಮತದಾರರನ್ನು ಮನಸ್ಸಿನಲ್ಲಿಟ್ಟು ಮಾಡಿದಂತಿದೆ. ಒಂದು ರಾತ್ರಿ, ಒಂದು ಹಗಲು ಅಲ್ಲಿಯೇ ಕಳೆಯುವ ಸಿಬ್ಬಂದಿಯ ಸ್ನಾನ, ನಿದ್ದೆ, ಬಟ್ಟೆ ಬದಲಿಸುವ ಜಾಗ ಯಾರ ಗಮನಕ್ಕೂ ಬಂದಂತಿಲ್ಲ. ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಶಾಲೆ ತಲುಪಿದ ಕೂಡಲೇ, ಬೆಳಕಿರುವಾಗಲೇ, ಬಿ.ಎಲ್.ಓ. ಅಥವಾ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಶೌಚಾಲಯದ ಬೀಗ ತೆಗೆಸಿ, ನೀರು ತುಂಬಿಸಿರಿ. ಆಗದಿದ್ದರೆ ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿ, ಮಾಡಿದ ಹೊತ್ತನ್ನು ಬರೆದಿಡಿ. ಕೊಠಡಿಗಳು ಎರಡಿದ್ದರೆ ಮಹಿಳೆಯರಿಗೆ ಒಂದನ್ನು ಬಿಟ್ಟುಕೊಡಲು ಯಾರಾದರೂ ಕೇಳುವವರೆಗೆ ಕಾಯಬಾರದು.

ಊಟದ ವಿಷಯದಲ್ಲಿ ಬಿಸಿಯೂಟದ ಅಡುಗೆಯವರೇ ಸಾಮಾನ್ಯವಾಗಿ ಕೈಹಿಡಿಯುತ್ತಾರೆ. ದುಡ್ಡು ಕೊಟ್ಟು ಊಟ ಮಾಡಿ. ‘ನಮ್ಮೂರಿಗೆ ಬಂದೀರಿ, ಮನೇಲಿ ಒಂದು ಹೋಳಿಗೆ ಊಟ’ ಎಂದು ಏಜೆಂಟರು ಎಷ್ಟು ವಿಶ್ವಾಸದಿಂದ ಕರೆದರೂ ಹೋಗಬಾರದು, ತಂದುಕೊಟ್ಟರೂ ತೆಗೆದುಕೊಳ್ಳಬಾರದು. ನಮ್ಮ ಊರುಗಳಲ್ಲಿ ಉಣ್ಣಲು ಕರೆದವರಿಗೆ ಬೇಡ ಎನ್ನುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಚೀಲದಲ್ಲಿ ಮಂಡಕ್ಕಿ, ಶೇಂಗಾ, ಬಾಳೆಹಣ್ಣು ಇಟ್ಟುಕೊಂಡಿದ್ದರೆ ಬೇಡ ಎನ್ನುವ ಧೈರ್ಯ ಬರುತ್ತದೆ.

ಪ್ರಶ್ನೆ: ಬೆರಳಿಗೆ ಹಚ್ಚುವ ಶಾಯಿ ಎಲ್ಲಿಂದ ಬರುತ್ತದೆ? ಅದನ್ನು ಕೂಡಲೇ ಒರೆಸಿದರೆ ಹೋಗುತ್ತದೆಯೇ? (ಚಿತ್ರದುರ್ಗ)

ಉತ್ತರ: ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಆರಂಭವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಕರೆಯುವ ಸರ್ಕಾರಿ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ತಯಾರಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ಸೇರಿ ಬೆಳಕಿನಲ್ಲಿ ಕಪ್ಪಾಗುತ್ತದೆ. ಒಣಗುವ ಮೊದಲೇ ಒರೆಸಿದರೆ ಗುರುತು ತೆಳುವಾಗಬಹುದಾದ್ದರಿಂದ, ಮತದಾರರು ಒಳಗಿರುವಾಗಲೇ ಅದು ಒಣಗಲಿ ಎಂದು ಮೊದಲು ಶಾಯಿ, ಆಮೇಲೆ ವಹಿಯ ಸಹಿ ಎಂಬ ಕ್ರಮವನ್ನು ಪಾಲಿಸುವುದು ಒಳ್ಳೆಯದು. ಎಡಗೈ ತೋರುಬೆರಳಿನ ಉಗುರಿನ ಮೇಲ್ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯಬೇಕು. ಬೆರಳಿಗೆ ಎಣ್ಣೆ ಸವರಿಕೊಂಡು ಬಂದಿದ್ದರೆ ಬಟ್ಟೆಯಿಂದ ಒರೆಸಿದ ಮೇಲೆಯೇ ಹಚ್ಚಿ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಗೂ ಇವೇ ನಿಯಮಗಳೇ? (ಹೊನ್ನಾಳಿ)

ಉತ್ತರ: ಅಲ್ಲ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಕಾಯ್ದೆ, ನಮೂನೆಗಳು ಬೇರೆ. 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಮತಪತ್ರ, ಮತಪೆಟ್ಟಿಗೆಗಳೇ ಇದ್ದವು. ಒಂದು ವಾರ್ಡಿನಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದರೆ ಅಷ್ಟು ಮತ ಹಾಕಬೇಕಾಗುವುದರಿಂದ ಒಬ್ಬೊಬ್ಬರಿಗೂ ಹೊತ್ತು ಹಿಡಿಯುತ್ತದೆ. ಆ ತರಬೇತಿಯನ್ನು ಹೊಸದಾಗಿಯೇ ಕೇಳಿಸಿಕೊಳ್ಳಿ.

ಪ್ರಶ್ನೆ: ಸಂಜೆ 6ಕ್ಕೆ ಸಾಲು ಉದ್ದವಿತ್ತು. ಮುಗಿಸಿ ಲೆಕ್ಕ ನೋಡಿದರೆ 17ಎ ವಹಿಯಲ್ಲಿ ಇದ್ದದ್ದಕ್ಕಿಂತ ಯಂತ್ರದಲ್ಲಿ ಒಂದು ಮತ ಕಡಿಮೆ. ನಮ್ಮ ಪಿ.ಆರ್.ಓ. ಅವರು ಬೆವರಿಹೋದರು. ಯಾರೋ ಏನೋ ಹೇಳಿ ಸರಿಹೊಂದಿಸಿದೆವು. ಇಂಥಲ್ಲಿ ಸರಿಯಾದ ಕ್ರಮ ಯಾವುದು? (ಮಾಯಕೊಂಡ)

ಉತ್ತರ: ಮೊದಲು ಸಾಲಿನ ವಿಷಯ. 6 ಗಂಟೆಗೆ ಸಾಲಿನಲ್ಲಿ ನಿಂತಿದ್ದವರೆಲ್ಲರಿಗೂ ಎಷ್ಟೇ ಹೊತ್ತಾದರೂ ಮತ ಹಾಕುವ ಹಕ್ಕಿದೆ. ಅಧ್ಯಕ್ಷಾಧಿಕಾರಿ ಸಹಿ ಹಾಕಿದ ಸಂಖ್ಯೆಯ ಚೀಟಿಗಳನ್ನು ಸಾಲಿನ ಕೊನೆಯವರಿಂದ ಆರಂಭಿಸಿ ಮುಂದಕ್ಕೆ ಹಂಚಿಕೊಂಡು ಬರಬೇಕು. ಮುಂದಿನಿಂದ ಹಂಚಿದರೆ ನೀವು ಕೊನೆ ಮುಟ್ಟುವಷ್ಟರಲ್ಲಿ ಬಾಲ ಇನ್ನಷ್ಟು ಬೆಳೆದಿರುತ್ತದೆ. ಕೊನೆಯವರ ಹಿಂದೆ ಪೊಲೀಸರನ್ನು ನಿಲ್ಲಿಸಿಕೊಳ್ಳಿ.

ಇನ್ನು ಕಡಿಮೆ ಬಂದ ಒಂದು ಮತ. ನೀವು ‘ಸರಿಹೊಂದಿಸಿದೆವು’ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ನಿಜಕ್ಕೂ ಆತಂಕವಾಯಿತು. ವ್ಯತ್ಯಾಸ ಬರುವುದು ಅಪರಾಧವಲ್ಲ, ಅದು ಬರಬಹುದೆಂದು ತಿಳಿದೇ 17ಸಿ ನಮೂನೆಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದಾರೆ. ವಹಿಯಲ್ಲಿ ಸಹಿ ಮಾಡಿ ಮತ ಹಾಕದೆ ಹೋದವರು, ಗೌಪ್ಯತೆ ಮುರಿದದ್ದಕ್ಕೆ ಮತ ನಿರಾಕರಿಸಲ್ಪಟ್ಟವರು, ಕಳೆಯಬೇಕಾದ ಪರೀಕ್ಷಾ ಮತಗಳು ಪ್ರತಿಯೊಂದಕ್ಕೂ ಅಲ್ಲಿ ಬೇರೆ ಬೇರೆ ಕಲಂ ಇದೆ. ಅವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ತಾಳೆಯಾಗದಿದ್ದರೆ, ತಾಳೆಯಾಗಿಲ್ಲ ಎಂದೇ ಬರೆಯಬೇಕು.

ಒಂದು ಮತ ಕಡಿಮೆಯಾಗುವುದು ಹೆಚ್ಚಾಗಿ ಹೀಗೆ. ಮತದಾರರು ಶಾಯಿ ಹಚ್ಚಿಸಿಕೊಂಡು, ಸಹಿ ಮಾಡಿ, ಆಮೇಲೆ ಬೇಡವೆಂದು ಹೊರಟುಬಿಡುತ್ತಾರೆ. ಇಲ್ಲವೇ ಗುಂಡಿಯನ್ನು ಸರಿಯಾಗಿ ಒತ್ತದೆ, ಬೀಪ್ ಸದ್ದು ಬರುವ ಮೊದಲೇ ಈಚೆಗೆ ಬರುತ್ತಾರೆ. ಮೊದಲನೆಯ ಸಂದರ್ಭದಲ್ಲಿ 49ಓ ನಿಯಮದಂತೆ ವಹಿಯ ಆ ಸಾಲಿನ ಎದುರು ಷರಾ ಬರೆದು ಅವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಅಷ್ಟರಲ್ಲಿ ಕಂಟ್ರೋಲ್ ಯೂನಿಟ್ಟಿನಲ್ಲಿ ‘ಬ್ಯಾಲೆಟ್’ ಒತ್ತಿಯಾಗಿದ್ದರೆ ಮುಂದಿನ ಮತದಾರರನ್ನು ನೇರವಾಗಿ ಮರೆಯೊಳಗೆ ಕಳುಹಿಸಬೇಕು. ಮತ್ತೊಮ್ಮೆ ಒತ್ತುವ ಗೋಜಿಲ್ಲ. ಹಾಗೆ ಹೋದವರು ದಿನದ ಕೊನೆಯ ಮತದಾರರೇ ಆಗಿದ್ದರೆ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ‘ಕ್ಲೋಸ್’ ಗುಂಡಿ ಕೆಲಸ ಮಾಡುವುದಿಲ್ಲ. ಆಗ ಕಂಟ್ರೋಲ್ ಯೂನಿಟ್ಟನ್ನು ಆಫ್ ಮಾಡಿ, ವಿವಿಪ್ಯಾಟಿನ ಕೇಬಲ್ ಬಿಡಿಸಿ, ಮತ್ತೆ ಆನ್ ಮಾಡಿ ‘ಕ್ಲೋಸ್’ ಒತ್ತಬೇಕು. ಎರಡನೆಯ ಸಂದರ್ಭವನ್ನು ತಪ್ಪಿಸಲು ಕಂಟ್ರೋಲ್ ಯೂನಿಟ್ಟಿನ ಮುಂದೆ ಕುಳಿತವರು ಸದ್ದು ಕೇಳಿಸುವವರೆಗೆ ಮುಂದಿನವರ ಚೀಟಿಯನ್ನು ಮುಟ್ಟಬಾರದು. ಪ್ರತಿ ಎರಡು ಗಂಟೆಗೆ ಮತದಾನದ ಪ್ರಮಾಣವನ್ನು ವರದಿ ಮಾಡುತ್ತೀರಲ್ಲ, ಆಗಲೇ ವಹಿಯ ಸಂಖ್ಯೆಯನ್ನೂ ‘ಟೋಟಲ್’ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ, ವ್ಯತ್ಯಾಸ ಬೆಳಿಗ್ಗೆ 9ಕ್ಕೆ ಮೊದಲೇ ಆಯಿತೇ, 3ರ ನಂತರವೇ ಎಂಬುದಾದರೂ ತಿಳಿಯುತ್ತದೆ; ಮೂಲ ಹುಡುಕುವುದು ಸುಲಭವಾಗುತ್ತದೆ.

ಯಾವ ಕಾರಣಕ್ಕೂ ವಹಿಯ ಸಂಖ್ಯೆಯನ್ನು ತಿದ್ದಿ ಯಂತ್ರಕ್ಕೆ ಹೊಂದಿಸಬೇಡಿ. ನೀವು ಬರೆದ 17ಸಿಯ ಪ್ರತಿಗಳನ್ನು ಏಜೆಂಟರಿಗೆ ಕೊಟ್ಟು ಸಹಿ ಪಡೆಯಲೇಬೇಕು. ಎಣಿಕೆಯ ದಿನ ಅದೇ ಪ್ರತಿಯನ್ನು ಹಿಡಿದು ಅವರು ಯಂತ್ರದ ಲೆಕ್ಕವನ್ನು ನೋಡುತ್ತಾರೆ. ಕಾರಣವಿರುವ ಒಂದು ಮತದ ವ್ಯತ್ಯಾಸಕ್ಕೆ ಎರಡು ಸಾಲಿನ ವಿವರಣೆ ಸಾಕಾಗುತ್ತದೆ, ತಿದ್ದಿದ ಅಂಕಿಗೆ ಯಾವ ವಿವರಣೆಯೂ ಸಾಲದು. ಸಾಮಗ್ರಿ ಹಿಂದಿರುಗಿಸುವ ಡಿಮಸ್ಟರಿಂಗ್ ಕೇಂದ್ರದಲ್ಲಿ ರಾತ್ರಿ ಎಷ್ಟೇ ಹೊತ್ತಾಗಿರಲಿ, 17ಸಿ, ಅಧ್ಯಕ್ಷಾಧಿಕಾರಿಯ ದಿನಚರಿ ಮತ್ತು 17ಎ ವಹಿಯ ಲಕೋಟೆಗಳನ್ನು ಯಂತ್ರಗಳೊಂದಿಗೆ ಒಂದೊಂದಾಗಿ ಒಪ್ಪಿಸಿ ಸ್ವೀಕೃತಿ ಪಡೆದುಕೊಳ್ಳಿ. ತಂಡದ ಉಳಿದವರು ಬಸ್ಸು ಹೊರಡುತ್ತದೆಂದು ಕರೆದರೂ, ಆ ಸ್ವೀಕೃತಿ ಕೈಗೆ ಬರುವವರೆಗೆ ಪಿ.ಆರ್.ಓ. ಮತ್ತು ಎ.ಪಿ.ಆರ್.ಓ. ಇಬ್ಬರೂ ಕೌಂಟರ್ ಬಿಟ್ಟು ಕದಲಬಾರದು.